ಅಂಡಾಶಯದ ಕ್ಯಾನ್ಸರಿನಲ್ಲಿ ಪಿ53, ಕೆಐ-67, ಇಆರ್: ಸರ್ವೈವಲ್ ಜೊತೆ ತಾಳೆ ಹಾಕುವಾಗ ಕಟ್-ಆಫ್ ಎಷ್ಟು ಇಡಬೇಕು?

ನೇತ್ರಾವತಿ_ಪಿಜಿ (ಮಂಗಳೂರು)

ನಮಸ್ಕಾರ. ಎಂಡಿ ಪೆಥಾಲಜಿ ಥೀಸಿಸ್‌ಗೆ ಅಂಡಾಶಯದ ಎಪಿಥೀಲಿಯಲ್ ಕ್ಯಾನ್ಸರ್ ತಗೊಂಡಿದ್ದೇನೆ. ಹಳೆಯ ಪ್ಯಾರಾಫಿನ್ ಬ್ಲಾಕ್‌ಗಳಲ್ಲಿ ಪಿ53 (ಕೋಶ ವಿಭಜನೆಗೆ ತಡೆ ಹಾಕುವ ಪ್ರೋಟೀನ್), ಕೆಐ-67 (ವಿಭಜನೆ ಆಗುತ್ತಿರುವ ಕೋಶದ ಗುರುತು), ಇಆರ್ (ಈಸ್ಟ್ರೋಜನ್ ರಿಸೆಪ್ಟರ್) ಇಮ್ಯುನೋ (ಆಂಟಿಬಾಡಿಯಿಂದ ಪ್ರೋಟೀನಿಗೆ ಬಣ್ಣ ಹಾಕುವುದು) ಮಾಡಿ, ರೋಗಿ ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಇವುಗಳಿಗೂ ಸಂಬಂಧ ಉಂಟಾ ಅಂತ ನೋಡುವುದು ಉದ್ದೇಶ. ಒಟ್ಟು 58 ಕೇಸ್: ಹೈ ಗ್ರೇಡ್ ಸೀರಸ್ 39, ಎಂಡೊಮೆಟ್ರಿಯಾಯ್ಡ್ 7, ಮ್ಯೂಸಿನಸ್ 5, ಕ್ಲಿಯರ್ ಸೆಲ್ 4, ಲೋ ಗ್ರೇಡ್ ಸೀರಸ್ 3. ಸೀರಸ್‌ನಲ್ಲಿ 17 ಮಂದಿಗೆ ಮೊದಲು ಕೀಮೋ ಕೊಟ್ಟು ಆಮೇಲೆ ಸರ್ಜರಿ ಆದದ್ದು.

ಸಿಕ್ಕಿಬಿದ್ದಿರುವ ಕಡೆಗಳು ಇವು:

1. ಪಿ53ಗೆ ಕೆಲವು ಪೇಪರ್‌ಗಳಲ್ಲಿ 10% ಕಟ್-ಆಫ್ (ಪಾಸಿಟಿವ್ ಅನ್ನಲಿಕ್ಕೆ ಗಡಿ), ಕೆಲವದರಲ್ಲಿ 50%. ಯಾವುದು ಸರಿ? ಹೈ ಗ್ರೇಡ್ ಸೀರಸ್‌ನಲ್ಲೇ ಕೆಲವು ಸ್ಲೈಡ್ ಪೂರ್ತಿ ನೆಗೆಟಿವ್ ಬರ್ತಾ ಉಂಟು.
2. ಕೆಐ-67 ಒಂದೇ ಸೆಕ್ಷನ್‌ನ ಅಂಚಿನಲ್ಲಿ 60-70%, ಮಧ್ಯದಲ್ಲಿ ಹತ್ತಕ್ಕಿಂತ ಕಡಿಮೆ. ಟ್ಯೂಮರ್ ಹೆಟೆರೊಜಿನಿಟಿ ಅಂತ ಬರೆಯಬಹುದಾ?
3. ಮಳೆ ಶುರುವಾದ ಮೇಲೆ ರಿಟ್ರೀವಲ್‌ನಲ್ಲಿ (ಆಂಟಿಬಾಡಿ ಹಿಡಿಯುವ ಹಾಗೆ ಸ್ಲೈಡನ್ನು ಬಫರ್‌ನಲ್ಲಿ ಕುದಿಸುವುದು) ಸೆಕ್ಷನ್ ಎದ್ದುಹೋಗುವುದು ಹೆಚ್ಚಾಗಿದೆ, ಅದರಲ್ಲೂ ಓಮೆಂಟಮ್ (ಹೊಟ್ಟೆಯೊಳಗಿನ ಕೊಬ್ಬಿನ ಪದರ).
4. ಕೀಮೋ ಆದ ಮೇಲಿನ ಬ್ಲಾಕ್ ಸೇರಿಸಿಕೊಳ್ಳಬಹುದಾ?

ಗೊತ್ತಿರುವವರು ದಯವಿಟ್ಟು ತಿಳಿಸಿ.

---

ಸ್ಲೈಡ್_ಮೇಷ್ಟ್ರು (ಉಡುಪಿ)

ಕಟ್-ಆಫ್ ಆಮೇಲೆ ನೋಡುವ. ಮೊದಲು 58 ಕೇಸನ್ನೂ ಒಟ್ಟು ಹಾಕಿ ಒಂದೇ ಕರ್ವ್ ಎಳೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಬಂಗುಡೆ, ಅಂಜಲ್, ಸಿಗಡಿ ಒಂದೇ ಬುಟ್ಟಿಗೆ ಸುರಿದು ಸರಾಸರಿ ಉದ್ದ ಹೇಳಿದ ಹಾಗೆ ಆಗ್ತದೆ. ನೀವು ಪಟ್ಟಿ ಮಾಡಿದ ಐದೂ ಬೇರೆ ಬೇರೆ ರೋಗಗಳು. ಹುಟ್ಟುವ ಜಾಗ, ಮ್ಯುಟೇಷನ್, ಪ್ಲಾಟಿನಮ್ ಕೀಮೋಗೆ ಬಗ್ಗುವ ರೀತಿ ಎಲ್ಲವೂ ಬೇರೆ. ಹೈ ಗ್ರೇಡ್ ಸೀರಸ್ ನಮ್ಮ ಕೈಗೆ ಬರುವುದೇ ಹೆಚ್ಚಾಗಿ ಮೂರನೇ ಸ್ಟೇಜಿನಲ್ಲಿ, ಕೆಐ-67 ಕೂಡ ಅದರಲ್ಲಿ ಜಾಸ್ತಿ. ಎಂಡೊಮೆಟ್ರಿಯಾಯ್ಡ್ ಬಹುಪಾಲು ಮೊದಲ ಸ್ಟೇಜಿನಲ್ಲೇ ಸಿಗ್ತದೆ. ಎಲ್ಲ ಕಲಸಿದರೆ "ಕೆಐ-67 ಹೆಚ್ಚಾದಷ್ಟೂ ಆಯುಸ್ಸು ಕಡಿಮೆ" ಅಂತ ಚಂದದ ಗ್ರಾಫ್ ಬಂದೇ ಬರುತ್ತದೆ. ಆದರೆ ಅಲ್ಲಿ ಮಾತಾಡುತ್ತಿರುವುದು ಹಿಸ್ಟೋಟೈಪ್ (ಟ್ಯೂಮರಿನ ಬಗೆ), ಕೆಐ-67 ಅಲ್ಲ.

2008ರಲ್ಲಿ 500 ಅಂಡಾಶಯ ಕಾರ್ಸಿನೋಮಾಗಳ ಮೇಲೆ 21 ಮಾರ್ಕರ್ ಹಾಕಿ ಇದನ್ನೇ ಪರೀಕ್ಷಿಸಿದ ಕೆಲಸ ಉಂಟು. ಇಡೀ ಗುಂಪಿನಲ್ಲಿ 9 ಮಾರ್ಕರ್ ಪ್ರೋಗ್ನಾಸ್ಟಿಕ್ (ಆಯುಸ್ಸು ಸೂಚಿಸುವವು) ಅನ್ನಿಸಿಕೊಂಡವು. ಟೈಪ್ ಪ್ರಕಾರ ಒಡೆದು ನೋಡಿದಾಗ ಹೈ ಗ್ರೇಡ್ ಸೀರಸ್‌ನಲ್ಲಿ ಉಳಿದದ್ದು ಮೂರು, ಕ್ಲಿಯರ್ ಸೆಲ್‌ನಲ್ಲಿ ಒಂದೂ ಇಲ್ಲ. ಇಡೀ ಗುಂಪಿನಲ್ಲಿ ರಿಸ್ಕ್ ರೇಷಿಯೋ 1.7 ತೋರಿಸಿದ ಕೆಐ-67 ಯಾವ ಟೈಪಿನೊಳಗೂ ನಿಲ್ಲಲಿಲ್ಲ. ಇಷ್ಟಾದ ಮೇಲೂ ಎಲ್ಲ ಕಲಸಿದ ಥೀಸಿಸ್‌ಗಳು ವರ್ಷವರ್ಷ ಬರ್ತಾ ಇವೆ, ಎಂತ ಹೇಳುವುದು.

ಹಾಗಾಗಿ ಮೊದಲ ಕೆಲಸ, ಎಲ್ಲ ಎಚ್&ಇ (ಮಾಮೂಲಿ ಬಣ್ಣದ) ಸ್ಲೈಡ್ ಮತ್ತೆ ನೋಡಿ ಟೈಪ್ ಖಚಿತ ಮಾಡುವುದು. ಹಳೆಯ ರಿಪೋರ್ಟಿನಲ್ಲಿ "ಪ್ಯಾಪಿಲರಿ ಸೀರಸ್ ಸಿಸ್ಟಡಿನೋಕಾರ್ಸಿನೋಮಾ, ಮಾಡರೇಟ್ಲಿ ಡಿಫರೆನ್ಶಿಯೇಟೆಡ್" ಅಂತ ಇದ್ದರೆ ಅದನ್ನು ಲೋ ಗ್ರೇಡ್ ಅಂತಲೂ ಹೈ ಗ್ರೇಡ್ ಅಂತಲೂ ಹಾಗೇ ತೆಗೆದುಕೊಳ್ಳಲಿಕ್ಕೆ ಬರುವುದಿಲ್ಲ. ಪ್ಯಾನೆಲ್‌ಗೆ ಡಬ್ಲ್ಯುಟಿ1 (ಸೀರಸ್ ಗುರುತಿಸುವ ಮಾರ್ಕರ್) ಸೇರಿಸಿ. ಡಬ್ಲ್ಯುಟಿ1 ಪಾಸಿಟಿವ್ ಇದ್ದು ಪಿ53 ಅಬ್ನಾರ್ಮಲ್ ಆದರೆ ಹೈ ಗ್ರೇಡ್ ಸೀರಸ್. ಡಬ್ಲ್ಯುಟಿ1 ಪಾಸಿಟಿವ್, ಪಿ53 ವೈಲ್ಡ್ ಟೈಪ್ (ಮ್ಯುಟೇಷನ್ ಇಲ್ಲದ್ದು) ಆದರೆ ಲೋ ಗ್ರೇಡ್ ಸೀರಸ್ ಕಡೆ ನೋಡಿ. ಎರಡೂ ಆ ಕಡೆ ಇಲ್ಲದಿದ್ದರೆ ಎಂಡೊಮೆಟ್ರಿಯಾಯ್ಡಾ ಕ್ಲಿಯರ್ ಸೆಲ್ಲಾ ಅಂತ ಇಆರ್ (ಎಂಡೊಮೆಟ್ರಿಯಾಯ್ಡ್ ಕಡೆ) ಮತ್ತು ನ್ಯಾಪ್ಸಿನ್-ಎ (ಕ್ಲಿಯರ್ ಸೆಲ್ ಕಡೆ) ಹೇಳುತ್ತವೆ. "ಹೈ ಗ್ರೇಡ್ ಎಂಡೊಮೆಟ್ರಿಯಾಯ್ಡ್" ಅಂತ ಬರೆದ ಕೇಸುಗಳಲ್ಲಿ ಕೆಲವು ಇಲ್ಲಿ ಸೀರಸ್‌ಗೆ ಜಾರುತ್ತವೆ. ಮ್ಯೂಸಿನಸ್ ಐದರಲ್ಲಿ ಅಪೆಂಡಿಕ್ಸ್, ಹೊಟ್ಟೆ, ಕರುಳಿನಿಂದ ಬಂದ ಮೆಟಾಸ್ಟಾಸಿಸ್ ಅಡಗಿ ಕೂತಿಲ್ಲವಾ ಅಂತಲೂ ನೋಡಿ. ಎರಡೂ ಬದಿ ಇದ್ದು ಗಾತ್ರ ಸಣ್ಣದಾದರೆ ಸಂಶಯ ಪಡಲೇಬೇಕು.

ಈಗ ಪಿ53. ಇಲ್ಲಿ ಪರ್ಸೆಂಟ್ ಕಟ್-ಆಫ್ ಎಂಬುದೇ ಹಳೆಯ ಕ್ರಮ. 10% ಇಟ್ಟರೆ ಪೂರ್ತಿ ನೆಗೆಟಿವ್ ಇರುವ ಕೇಸು "ನಾರ್ಮಲ್" ಗುಂಪಿಗೆ ಹೋಗುತ್ತದೆ. ವಾಸ್ತವದಲ್ಲಿ ಅದು ನಲ್ ಪ್ಯಾಟರ್ನ್. ನಾನ್‌ಸೆನ್ಸ್, ಫ್ರೇಮ್‌ಶಿಫ್ಟ್, ಸ್ಪ್ಲೈಸ್ ಮ್ಯುಟೇಷನ್‌ನಿಂದ ಪ್ರೋಟೀನೇ ತಯಾರಾಗದ ಸ್ಥಿತಿ. ನಿಮ್ಮ ನೆಗೆಟಿವ್ ಸೀರಸ್‌ಗಳು ಬಹುಶಃ ಇವೇ. ಓದಬೇಕಾದದ್ದು ನಾಲ್ಕು ಪ್ಯಾಟರ್ನ್‌ನಲ್ಲಿ:

ಓವರ್ ಎಕ್ಸ್‌ಪ್ರೆಷನ್: ಟ್ಯೂಮರ್ ನ್ಯೂಕ್ಲಿಯಸ್ 80%ಕ್ಕಿಂತ ಹೆಚ್ಚು, ಒಂದೇ ಸಮ ಗಾಢ.
ನಲ್: ಟ್ಯೂಮರ್‌ನಲ್ಲಿ ಒಂದೂ ಇಲ್ಲ, ಆದರೆ ಅದೇ ಸೆಕ್ಷನ್‌ನ ಸ್ಟ್ರೋಮಾ (ಟ್ಯೂಮರ್ ಸುತ್ತಲಿನ ಆಧಾರ ಟಿಶ್ಯೂ), ಲಿಂಫೋಸೈಟ್, ರಕ್ತನಾಳದ ಗೋಡೆಯಲ್ಲಿ ತಿಳಿಯಾಗಿ ಬಂದಿರಬೇಕು.
ಸೈಟೋಪ್ಲಾಸ್ಮಿಕ್: ಅಪರೂಪ, ಆದರೆ ಇದೂ ಮ್ಯುಟೇಷನ್ನೇ.
ವೈಲ್ಡ್ ಟೈಪ್: ಕೆಲವು ಗಾಢ, ಕೆಲವು ತಿಳಿ, ಕೆಲವು ಇಲ್ಲ, ಕಲಸುಮೇಲೋಗರ.

ನಲ್ ಅನ್ನಬೇಕಾದರೆ ಒಳಗಿನ ಆ ಕಂಟ್ರೋಲ್ ಕಡ್ಡಾಯ. ಸ್ಟ್ರೋಮಾವೂ ಖಾಲಿ ಇದ್ದರೆ ಅದು ನಲ್ ಅಲ್ಲ, ಸ್ಟೇನಿಂಗ್ ಕೆಟ್ಟದ್ದು, ಮತ್ತೆ ಹಾಕಿ. ಮೊದಲ ಮೂರನ್ನು ಒಟ್ಟು ಸೇರಿಸಿ "ಅಬ್ನಾರ್ಮಲ್", ನಾಲ್ಕನೆಯದ್ದು "ವೈಲ್ಡ್ ಟೈಪ್". ಅಷ್ಟೇ ವಿಭಾಗ.

ಇಷ್ಟು ಸರಿ ಮಾಡಿದ ಮೇಲೆ ನಿಮಗೆ ಇನ್ನೊಂದು ತೊಂದರೆ ಎದುರಾಗುತ್ತದೆ. 2011ರ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಕೆಲಸದಲ್ಲಿ ಹೈ ಗ್ರೇಡ್ ಸೀರಸ್‌ನ 96%ರಲ್ಲಿ ಟಿಪಿ53 (ಪಿ53ರ ಜೀನ್) ಮ್ಯುಟೇಷನ್ ಸಿಕ್ಕಿತು. ಎಲ್ಲರಲ್ಲೂ ಇರುವ ಸಂಗತಿ ಯಾರು ಬೇಗ ಸಾಯುತ್ತಾರೆ ಅಂತ ಹೇಳಲಿಕ್ಕೆ ಸಾಧ್ಯ ಇಲ್ಲ. ಸೀರಸ್ ಒಳಗೆ ಪಿ53 ರೋಗ ಗುರುತಿಸಲಿಕ್ಕೆ ಬೇಕು, ಭವಿಷ್ಯ ಹೇಳಲಿಕ್ಕಲ್ಲ. ಎಂಡೊಮೆಟ್ರಿಯಾಯ್ಡ್‌ನಲ್ಲಿ ಅದಕ್ಕೆ ಬೆಲೆ ಉಂಟು, ಆದರೆ ನಿಮ್ಮಲ್ಲಿರುವುದು ಏಳೇ ಕೇಸು.

ಹಾರ್ಮೋನ್ ರಿಸೆಪ್ಟರ್ ಮಾಡುವುದಾದರೆ ಇಆರ್ ಒಂದೇ ಸಾಲದು, ಪಿಆರ್ (ಪ್ರೊಜೆಸ್ಟರಾನ್ ರಿಸೆಪ್ಟರ್) ಕೂಡ ಹಾಕಿ. 2013ರಲ್ಲಿ ಹಲವು ದೇಶಗಳ 2,933 ಮಹಿಳೆಯರ ಟ್ಯೂಮರ್ ನೋಡಿದ ಅಧ್ಯಯನದಲ್ಲಿ ಎಂಡೊಮೆಟ್ರಿಯಾಯ್ಡ್‌ಗೆ ಇಆರ್, ಪಿಆರ್ ಎರಡೂ ಒಳ್ಳೆಯ ಲಕ್ಷಣವಾಗಿ ಬಂದವು. ಹೈ ಗ್ರೇಡ್ ಸೀರಸ್‌ಗೆ ಪಿಆರ್ ಬಲವಾಗಿ ಬಂದದ್ದು ಮಾತ್ರ. ಅಲ್ಲಿ ಬಲವಾದದ್ದು ಅಂದರೆ 50% ಅಥವಾ ಹೆಚ್ಚು ನ್ಯೂಕ್ಲಿಯಸ್, ದುರ್ಬಲ ಅಂದರೆ 1ರಿಂದ 50%ದೊಳಗೆ. ಈ ಗಡಿಯನ್ನೇ ಇಟ್ಟುಕೊಳ್ಳಿ. ಸ್ತನ ಕ್ಯಾನ್ಸರಿಗೋಸ್ಕರ ಪಿಆರ್ ಆಂಟಿಬಾಡಿ ಹೇಗೂ ಲ್ಯಾಬಿನಲ್ಲಿ ಇರುತ್ತದೆ.

ಇನ್ನೂ ಸ್ವಲ್ಪ ಬಜೆಟ್ ಇದ್ದರೆ ಸಿಡಿ8 (ಕ್ಯಾನ್ಸರ್ ಕೊಲ್ಲುವ ಟಿ-ಕೋಶಗಳ ಗುರುತು). ಸೀರಸ್ ಒಳಗೆ ಗಟ್ಟಿಯಾಗಿ ನಿಂತ ಕೆಲವೇ ಮಾರ್ಕರ್‌ಗಳಲ್ಲಿ ಅದೊಂದು. 2017ರ ದೊಡ್ಡ ಅಧ್ಯಯನದಲ್ಲಿ ಟ್ಯೂಮರ್ ಎಪಿಥೀಲಿಯಮ್ ಒಳಗೆ ಸಿಡಿ8 ಕೋಶಗಳೇ ಇಲ್ಲದವರ ಮೀಡಿಯನ್ ಸರ್ವೈವಲ್ 2.8 ವರ್ಷ, ತುಂಬಾ ಇದ್ದವರದ್ದು 5.1 ವರ್ಷ, ಮಧ್ಯದ ಗುಂಪುಗಳು ಮೆಟ್ಟಿಲು ಮೆಟ್ಟಿಲಾಗಿ ಬಂದವು. ಎಣಿಸುವಾಗ ಸ್ಟ್ರೋಮಾದಲ್ಲಿರುವುದನ್ನು ಬಿಟ್ಟು ಟ್ಯೂಮರ್ ಕೋಶಗಳ ನಡುವೆ ನುಗ್ಗಿದವನ್ನು ಮಾತ್ರ ಎಣಿಸಬೇಕು.

ಕೀಮೋ ಆದ ಬ್ಲಾಕ್: ಪಿ53 ಮಟ್ಟಿಗೆ ತೊಂದರೆ ಇಲ್ಲ, ಮ್ಯುಟೇಷನ್ ಮೊದಲಿಂದಲೇ ಎಲ್ಲ ಕೋಶದಲ್ಲೂ ಇರುವುದರಿಂದ ಪ್ಯಾಟರ್ನ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಕೆಐ-67ಗೆ ಖಂಡಿತ ಬೇಡ. ಆ 17 ಮಂದಿಯ ಮೊದಲ ಓಮೆಂಟಲ್ ಬಯಾಪ್ಸಿ ಬ್ಲಾಕ್ ಹುಡುಕಿ. ಬರೀ ಅಸೈಟಿಕ್ ಫ್ಲೂಯಿಡ್ (ಹೊಟ್ಟೆಯಲ್ಲಿ ತುಂಬಿದ ನೀರು) ಸೆಲ್ ಬ್ಲಾಕ್ ಇದ್ದರೆ ಫಾರ್ಮಲಿನ್‌ನಲ್ಲಿ ಮಾಡಿದ್ದಾ, ಮೊದಲು ಆಲ್ಕೋಹಾಲ್‌ಗೆ ಹಾಕಿದ್ದಾ ಕೇಳಿ. ಆಲ್ಕೋಹಾಲ್ ಆದರೆ ಬೇರೆಯೇ ವ್ಯಾಲಿಡೇಷನ್ ಬೇಕು, ನಿಮ್ಮ ಥೀಸಿಸ್ ಅವಧಿಯಲ್ಲಿ ಅದಕ್ಕೆ ಕೈ ಹಾಕಬೇಡಿ. ಕೀಮೋ ನಂತರದ ಓಮೆಂಟಮ್ ಮೇಲೆ ಕೀಮೋ ರೆಸ್ಪಾನ್ಸ್ ಸ್ಕೋರ್ ಹಾಕಿ: ಉಳಿಕೆ ಏನೂ ಇಲ್ಲ ಅಥವಾ ಅಲ್ಲಲ್ಲಿ 2 ಮಿ.ಮೀ. ಮೀರದ ಚೂರುಗಳಿದ್ದರೆ 3, ಟ್ಯೂಮರ್ ಹೆಚ್ಚುಕಡಿಮೆ ಹಾಗೇ ಇದ್ದರೆ 1, ನಡುವಿನದ್ದು 2. ಎಚ್&ಇ ಸಾಕು, ಖರ್ಚೇ ಇಲ್ಲ.

---

ಕಂದು_ಬಣ್ಣ (ಮಂಗಳೂರು, ಹಿಸ್ಟೋ ಲ್ಯಾಬ್)

2 ಮತ್ತು 3ನೇ ಪ್ರಶ್ನೆಗೆ.

ಅಂಚಿನಲ್ಲಿ ಬಂದು ಮಧ್ಯದಲ್ಲಿ ಹೋಗುವ ಕೆಐ-67 ಹೆಟೆರೊಜಿನಿಟಿ ಅಲ್ಲ ಡಾಕ್ಟ್ರೇ, ಫಿಕ್ಸೇಷನ್ ಸರಿ ಆಗಲಿಲ್ಲ. 15 ಸೆಂ.ಮೀ. ಗಡ್ಡೆಯನ್ನು ಒಟಿಯಿಂದ ಹಾಗೇ ಇಡಿಯಾಗಿ ಸಣ್ಣ ಡಬ್ಬಿಗೆ ತುರುಕಿ, ಮೇಲೆ ಎರಡು ಬೆರಳು ಫಾರ್ಮಲಿನ್ ಹಾಕಿ ಕಳಿಸಿದರೆ ಹೀಗೇ ಆಗುವುದು. ಫಾರ್ಮಲಿನ್ ಒಳಗೆ ಹೋಗುವುದು ಶುರುವಿನಲ್ಲಿ ಗಂಟೆಗೆ ಸುಮಾರು 1 ಮಿ.ಮೀ., ಆಳಕ್ಕೆ ಹೋದ ಹಾಗೆ ಇನ್ನೂ ನಿಧಾನ. ನಡುಭಾಗ ಅಷ್ಟರೊಳಗೆ ಕೊಳೆಯಲಿಕ್ಕೆ ಶುರು. ಪರೀಕ್ಷೆ ಸುಲಭ: ಅದೇ ಬ್ಲಾಕ್‌ಗೆ ಇನ್ನೊಂದು ಆಂಟಿಬಾಡಿ ಹಾಕಿ, ಅದೂ ಮಧ್ಯದಲ್ಲೇ ಮಾಯವಾದರೆ ಟ್ಯೂಮರ್ ದೋಷ ಅಲ್ಲ. ಎಚ್&ಇಯಲ್ಲೂ ಮಧ್ಯದ ನ್ಯೂಕ್ಲಿಯಸ್ ಮಸುಕಾಗಿ ಕಾಣ್ತದೆ. ಹಳೆಯ ಕೇಸಿನಲ್ಲಿ ಈಗ ಮಾಡಲಿಕ್ಕೆ ಇರುವುದು ಒಂದೇ, ಚೆನ್ನಾಗಿ ಫಿಕ್ಸ್ ಆದ ಬೇರೆ ಬ್ಲಾಕ್ ಆರಿಸುವುದು.

ಮುಂದಿನ ಕೇಸಿಗೆ ಒಟಿ ಸಿಸ್ಟರ್ ಹತ್ತಿರ ಹೇಳಿ ಇಡಿ: ಸ್ಪೆಸಿಮನ್ ಹೊರಗೆ ಬಂದ ಒಂದು ಗಂಟೆಯೊಳಗೆ ಗ್ರಾಸಿಂಗ್ (ಲ್ಯಾಬಿನಲ್ಲಿ ಸ್ಪೆಸಿಮನ್ ಕತ್ತರಿಸುವ) ಟೇಬಲ್‌ಗೆ ಬರಬೇಕು. ಒಂದು ಸೆಂ.ಮೀ. ದಪ್ಪಕ್ಕೆ ಸೀಳಿ, ಸೀಳಿನ ನಡುವೆ ಗಾಜ್ ಇಟ್ಟು, ಸ್ಪೆಸಿಮನ್‌ನ ಹತ್ತು ಪಾಲು ಫಾರ್ಮಲಿನ್. ಒಟ್ಟು ಸಮಯ 6 ಗಂಟೆಗೆ ಕಡಿಮೆ ಬೇಡ, 72 ದಾಟುವುದು ಬೇಡ. ಫಾರ್ಮಲಿನ್ ಬಫರ್ ಆಗಿರಬೇಕು: 37-40% ಫಾರ್ಮಾಲ್ಡಿಹೈಡ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್ 4 ಗ್ರಾಂ, ನಿರ್ಜಲ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಕ್ಯಾನಿನಿಂದ ಸುರಿದು ನಲ್ಲಿ ನೀರು ಬೆರೆಸಿದ್ದು ದಿನ ಹೋದಂತೆ ಹುಳಿಯಾಗಿ, ಸೆಕ್ಷನ್ ತುಂಬಾ ಕಪ್ಪುಕಂದು ಪಿಗ್ಮೆಂಟ್ ಬಿಡ್ತದೆ. ಅದನ್ನು ಡ್ಯಾಬ್ (ಇಮ್ಯುನೋದ ಕಂದು ಬಣ್ಣ) ಪಾಸಿಟಿವ್ ಅಂತ ಎಣಿಸಿದವರೂ ಇದ್ದಾರೆ.

ಸೆಕ್ಷನ್ ಏಳುವುದಕ್ಕೆ: 3 ಮೈಕ್ರಾನ್‌ಗೆ ಕಡಿಯಿರಿ, 5 ಬೇಡ. ಚಾರ್ಜ್ಡ್ ಸ್ಲೈಡ್ ಮಾತ್ರ. ಪೊಟ್ಟಣ ಒಡೆದು ತಿಂಗಳುಗಟ್ಟಲೆ ತೆರೆದಿಟ್ಟದ್ದು ಆಗುವುದಿಲ್ಲ. ವಾಟರ್ ಬಾತ್‌ನಿಂದ ಎತ್ತಿದ ಮೇಲೆ ನಿಲ್ಲಿಸಿ ನೀರು ಪೂರ್ತಿ ಇಳಿಸಿ. ನಮ್ಮ ಕರಾವಳಿಯ ಜೂನ್-ಜುಲೈಯಲ್ಲಿ ಸ್ಲೈಡ್ ಗಾಳಿಗೆ ಒಣಗುವುದೇ ಇಲ್ಲ. ಟಿಶ್ಯೂ ಅಡಿಯಲ್ಲಿ ನೀರು ಉಳಿದು ರಿಟ್ರೀವಲ್‌ನಲ್ಲಿ ಕುದಿಯುವಾಗ ಗುಳ್ಳೆ ಎದ್ದು ಸೆಕ್ಷನ್ ಕಿತ್ತು ಬರುವುದು. ರಾತ್ರಿ ಇಡೀ 37 ಡಿಗ್ರಿ, ಬೆಳಿಗ್ಗೆ 60 ಡಿಗ್ರಿಯಲ್ಲಿ ಒಂದು ಗಂಟೆ. ಓಮೆಂಟಮ್‌ನಲ್ಲಿ ಕೊಬ್ಬಿನ ಅಂಶ ಕಮ್ಮಿ ಇರುವ ಬ್ಲಾಕ್ ಹುಡುಕಿ.

ರಿಟ್ರೀವಲ್‌ಗೆ ಕುಕ್ಕರ್ ಬಳಸುವುದಾದರೆ ವಿಸಿಲ್ ಎಣಿಸಬೇಡಿ. ಕುಕ್ಕರ್, ನೀರಿನ ಪ್ರಮಾಣ, ಸ್ಟವ್ ಬದಲಾದರೆ ವಿಸಿಲ್ ಸಮಯವೂ ಬದಲು. ಬಫರ್ ಮೊದಲೇ ಕುದಿಸಿ ಸ್ಲೈಡ್ ಇಳಿಸಿ, ಪೂರ್ತಿ ಪ್ರೆಷರ್ ಬಂದ ಮೇಲೆ ಗಡಿಯಾರ ನೋಡಿ 3 ನಿಮಿಷ, ಆಮೇಲೆ ಬಫರ್‌ನಲ್ಲೇ 20 ನಿಮಿಷ ತಣಿಯಲಿ. ಟ್ರಿಸ್-ಇಡಿಟಿಎ ಪಿಎಚ್ 9: ಲೀಟರಿಗೆ ಟ್ರಿಸ್ 1.21 ಗ್ರಾಂ, ಇಡಿಟಿಎ 0.37 ಗ್ರಾಂ, ಟ್ವೀನ್ 0.5 ಮಿ.ಲೀ. ಸಿಟ್ರೇಟ್ ಪಿಎಚ್ 6: ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 2.94 ಗ್ರಾಂ. ಪಿಎಚ್ 9 ಸೆಕ್ಷನ್ ಮೇಲೆ ಒರಟು, ಬೇಗ ಎಬ್ಬಿಸ್ತದೆ. ಆದರೂ ಮೊದಲ ಕೇಸಿನಿಂದ ಕೊನೆಯದರವರೆಗೆ ಒಂದೇ ಬಫರ್, ಒಂದೇ ಲಾಟ್ ಆಂಟಿಬಾಡಿ ಇರಲಿ.

ಪೆರಾಕ್ಸೈಡ್ 3% ಅಂದಂದಿಗೆ ಮಾಡಿ (30%ದ್ದು 10 ಮಿ.ಲೀ., ನೀರು 90), 10 ನಿಮಿಷ. ಪಿ53 ಡಿಒ-7 ಕ್ಲೋನ್ ಕಾನ್ಸೆಂಟ್ರೇಟ್ ಆದರೆ 1:50ರಿಂದ 1:400ರವರೆಗೆ ಟಾನ್ಸಿಲ್ ಮೇಲೆ ಟೈಟ್ರೇಟ್ ಮಾಡಿ. ಟಾನ್ಸಿಲ್‌ನಲ್ಲಿ ತಿಳಿ-ಗಾಢ ಬೆರೆತ ವೈಲ್ಡ್ ಟೈಪ್ ಕಾಣಲೇಬೇಕು. ತೀರಾ ತೆಳು ಮಾಡಿದರೆ ವೈಲ್ಡ್ ಟೈಪ್ ಎಲ್ಲ ನಲ್ ಹಾಗೆ ಕಾಣ್ತದೆ, ಮೇಷ್ಟ್ರು ಹೇಳಿದ ಒಳಗಿನ ಕಂಟ್ರೋಲೂ ಹೋಗ್ತದೆ. ಕೆಐ-67 ಎಂಐಬಿ-1ಗೂ ಟಾನ್ಸಿಲ್ಲೇ ಕಂಟ್ರೋಲ್. ಹೆಮಟಾಕ್ಸಿಲಿನ್ ಅರ್ಧ ನಿಮಿಷ ಸಾಕು. ನೀಲಿ ಜಾಸ್ತಿಯಾದರೆ ತಿಳಿ ಕಂದು ನ್ಯೂಕ್ಲಿಯಸ್ ಅದರಡಿ ಮುಚ್ಚಿಹೋಗ್ತದೆ, ಇಆರ್ 1%ದ ಕೇಸು 0 ಆಗುವುದು ಹೀಗೆ.

ಇನ್ನೊಂದು. ಎಲ್ಲ ಸೆಕ್ಷನ್ ಒಂದೇ ಸಲ ಕಡಿದು ಟ್ರೇಯಲ್ಲಿ ಇಡಬೇಡಿ. ಕಡಿದಿಟ್ಟ ಸೆಕ್ಷನ್‌ನಲ್ಲಿ ಆಂಟಿಜೆನ್ ಹಾಳಾಗಲಿಕ್ಕೆ ತೇವವೇ ಮುಖ್ಯ ಕಾರಣ, ಇಲ್ಲಿ ಅದಕ್ಕೆ ಬರಗಾಲ ಇಲ್ಲ. ಇಡಲೇಬೇಕಾದರೆ ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿ, 4 ಡಿಗ್ರಿ, ಕೆಲವೇ ವಾರ.

---

ಲಾಗ್_ರ‍್ಯಾಂಕ್ (ಮಣಿಪಾಲ)

ಸಂಖ್ಯೆಯ ಮಾತು. ಸರ್ವೈವಲ್ ಅಧ್ಯಯನದಲ್ಲಿ ಎಣಿಕೆಗೆ ಬರುವುದು ಕೇಸುಗಳಲ್ಲ, ಸಾವುಗಳು. ಮಾರ್ಕರ್ ಅರ್ಧ ಜನರಲ್ಲಿ ಪಾಸಿಟಿವ್ ಇದ್ದು, ಹಝಾರ್ಡ್ ರೇಷಿಯೋ (ಸಾವಿನ ಅಪಾಯದ ಅನುಪಾತ) 2 ಅಂತ ಹಿಡಿದು, 80% ಪವರ್ (ಇರುವ ಸಂಬಂಧ ಹಿಡಿಯುವ ಸಾಧ್ಯತೆ), 5% ಆಲ್ಫಾ (ಇಲ್ಲದ್ದನ್ನು ಇದೆ ಅನ್ನುವ ಸಾಧ್ಯತೆ) ಇಟ್ಟರೆ ಬೇಕಾದದ್ದು 66 ಸಾವು. ಪಾಸಿಟಿವ್ 30% ಮಾತ್ರ ಆದರೆ 78. ರೇಷಿಯೋ 1.5 ಅಂತ ಹಿಡಿದರೆ 190ರ ಮೇಲೆ. ನಿಮ್ಮಲ್ಲಿ ಸೀರಸ್ 39. ಎಲ್ಲರೂ ತೀರಿಕೊಂಡಿದ್ದರೂ ಸಾಲುವುದಿಲ್ಲ. ಹಾಗಾಗಿ ಥೀಸಿಸ್‌ನ ಮುಖ್ಯ ಉದ್ದೇಶವನ್ನು "ಹಿಸ್ಟೋಟೈಪ್ ಪ್ರಕಾರ ಎಕ್ಸ್‌ಪ್ರೆಷನ್" ಅಂತ ಬದಲಿಸಿ, ಸರ್ವೈವಲ್ ಅನ್ನು ಎರಡನೆಯ, ಬರೀ ಅನ್ವೇಷಣೆ ಮಟ್ಟದ ಉದ್ದೇಶ ಅಂತ ಬರೆಯುವುದು ಪ್ರಾಮಾಣಿಕ. ಎಥಿಕ್ಸ್ ಕಮಿಟಿಗೆ ಅಮೆಂಡ್‌ಮೆಂಟ್ ಹಾಕಲು ಮರೆಯಬೇಡಿ.

ಕಟ್-ಆಫ್ ಬಗ್ಗೆ ನನ್ನ ಒಂದೇ ಬೇಡಿಕೆ: ಡೇಟಾ ನೋಡಿದ ಮೇಲೆ ಹುಡುಕಬೇಡಿ. 5, 10, 15 ಅಂತ ಎಲ್ಲ ಗಡಿಗಳನ್ನೂ ಪ್ರಯತ್ನಿಸಿ ಪಿ ವ್ಯಾಲ್ಯೂ ಅತಿ ಕಡಿಮೆ ಬಂದದ್ದನ್ನು ಆರಿಸಿದರೆ, ಏನೂ ಸಂಬಂಧ ಇಲ್ಲದ ಮಾರ್ಕರ್ ಕೂಡ 0.05ರ ಕೆಳಗೆ ಬಂದು ಕೂರುತ್ತದೆ. ಪಿಆರ್‌ಗೆ ಮೇಷ್ಟ್ರು ಕೊಟ್ಟ 1 ಮತ್ತು 50. ಕೆಐ-67ಗೆ ಗಡಿಯೇ ಬೇಡ, ಶೇಕಡಾವನ್ನು ಹಾಗೇ ಕಂಟಿನ್ಯುಯಸ್ ಆಗಿ ಮಾಡೆಲ್‌ಗೆ ಹಾಕಿ, 10% ಹೆಚ್ಚಳಕ್ಕೆ ಹಝಾರ್ಡ್ ಎಷ್ಟು ಅಂತ ಬರೆಯಿರಿ. ಎಣಿಸುವಾಗ ಕನಿಷ್ಠ 500 ಕೋಶ, ಹಾಟ್-ಸ್ಪಾಟಾ ಸರಾಸರಿಯಾ ಅಂತ ಮೊದಲೇ ನಿರ್ಧಾರ. ಇಬ್ಬರು, ಫಲಿತಾಂಶ ಗೊತ್ತಿಲ್ಲದೆ, ಬೇರೆ ಬೇರೆ ಕೂತು ಓದಬೇಕು. ಪ್ಯಾಟರ್ನ್‌ಗೆ ಕಪ್ಪಾ, ಶೇಕಡಾಕ್ಕೆ ಐಸಿಸಿ (ಇಬ್ಬರ ಓದು ಎಷ್ಟು ಹೊಂದುತ್ತದೆ ಅಂತ ಅಳೆಯುವ ಲೆಕ್ಕಗಳು).

ಕಾಕ್ಸ್ ಮಾಡೆಲ್‌ನಲ್ಲಿ ಹತ್ತು ಸಾವಿಗೆ ಒಂದು ವೇರಿಯೇಬಲ್ ಎಂಬ ಲೆಕ್ಕ ಹಿಡಿದರೆ ನಿಮಗೆ ಸಿಗುವುದು ಎರಡು, ಹೆಚ್ಚೆಂದರೆ ಮೂರು. ಅದರಲ್ಲಿ ಒಂದು ಸರ್ಜರಿ ನಂತರ ಉಳಿದ ಟ್ಯೂಮರ್ ಆಗಿರಲೇಬೇಕು. ಆಪರೇಷನ್ ನೋಟ್‌ನಲ್ಲಿ "ಆಪ್ಟಿಮಲ್" ಅಂತ ಮಾತ್ರ ಇದ್ದರೆ ಸಾಲದು: ಒಬ್ಬರಿಗೆ ಅದು 1 ಸೆಂ.ಮೀ. ಒಳಗೆ, ಇನ್ನೊಬ್ಬರಿಗೆ ಕಣ್ಣಿಗೆ ಏನೂ ಕಾಣದ್ದು. ಈ ಎರಡರ ಸರ್ವೈವಲ್ ಒಂದೇ ಅಲ್ಲ.

ಫಾಲೋ-ಅಪ್ ಇಲ್ಲಿ ದೊಡ್ಡ ತೂತು. ನಮ್ಮ ಆಸ್ಪತ್ರೆಗಳಿಗೆ ಕಾಸರಗೋಡು, ಭಟ್ಕಳ, ಶಿರಸಿ, ಶಿವಮೊಗ್ಗ, ಚಿಕ್ಕಮಗಳೂರು ಕಡೆಯಿಂದ ಬರುವವರು ಬಹಳ. ಕೀಮೋ ಮುಗಿಸಿ ಊರಿಗೆ ಹೋದವರು ರೋಗ ಮರುಕಳಿಸಿದಾಗ ಹತ್ತಿರದ ಬೇರೆ ಕಡೆ ಹೋಗ್ತಾರೆ. ಫೈಲಿನಲ್ಲಿ ಸಾವು ದಾಖಲಾಗಿಲ್ಲ ಅಂತ "ಬದುಕಿದ್ದಾರೆ" ಎಂದು ಅಧ್ಯಯನದ ಕೊನೆಯ ದಿನಾಂಕ ಹಾಕಿದರೆ ಕರ್ವ್ ಸುಳ್ಳಾಗಿ ಮೇಲೆ ನಿಲ್ಲುತ್ತದೆ. ಕೊನೆಗೆ ಬದುಕಿರುವುದು ಖಚಿತವಾಗಿ ಗೊತ್ತಿದ್ದ ದಿನಕ್ಕೇ ಸೆನ್ಸಾರ್ ಮಾಡಿ (ಅವರ ಲೆಕ್ಕ ಅಲ್ಲಿಗೆ ನಿಲ್ಲಿಸಿ). ಶುರುವಿನ ದಿನ ಎಲ್ಲರಿಗೂ ಒಂದೇ ರೀತಿ ಇರಲಿ, ಬಯಾಪ್ಸಿ ಅಥವಾ ಸೈಟಾಲಜಿಯಲ್ಲಿ ರೋಗ ಖಚಿತವಾದ ದಿನ. ಮೊದಲು ಕೀಮೋ ಆದವರಿಗೆ ಸರ್ಜರಿ ದಿನದಿಂದ ಎಣಿಸಿದರೆ ಕೀಮೋದ ತಿಂಗಳುಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ.

---

ನೇತ್ರಾವತಿ_ಪಿಜಿ

ಎಲ್ಲರಿಗೂ ಧನ್ಯವಾದ. ಸೀರಸ್ ಒಂದನ್ನೇ ಇಟ್ಟುಕೊಂಡು ಡಬ್ಲ್ಯುಟಿ1, ಪಿ53 ಟೈಪ್ ಖಚಿತ ಮಾಡಲಿಕ್ಕೆ, ಪಿಆರ್ ಮತ್ತು ಸಿಡಿ8 ಪ್ರೋಗ್ನೋಸಿಸ್‌ಗೆ ಅಂತ ಗೈಡ್ ಹತ್ತಿರ ಮಾತಾಡ್ತೇನೆ. ಎರಡು ಸಣ್ಣ ಸಂಶಯ: ಖರ್ಚು ಉಳಿಸಲಿಕ್ಕೆ ಟಿಶ್ಯೂ ಮೈಕ್ರೋಅರೇ (ಹಲವು ಕೇಸಿನ ಸಣ್ಣ ಚೂರು ಒಂದೇ ಬ್ಲಾಕಿನಲ್ಲಿ) ಮಾಡಬಹುದಾ? ಮತ್ತೆ, ಕ್ಲಿನಿಶಿಯನ್‌ಗಳು ಈಗಲೇ ರಿಪೋರ್ಟಿನಲ್ಲಿ ಕೆಐ-67 ಕೇಳ್ತಾ ಇದ್ದಾರೆ, ಬರೆಯಬೇಕಾ?

---

ಪ್ಲಾಟಿನಮ್_ಸೆನ್ಸಿಟಿವ್ (ಮಂಗಳೂರು, ಓಂಕಾಲಜಿ)

ಕೇಳಿದರೆ ಸಂಖ್ಯೆ ಬರೆಯಿರಿ ಮೇಡಂ, ಆದರೆ ಪಕ್ಕದಲ್ಲಿ "ಪೂರ್ ಪ್ರೋಗ್ನೋಸಿಸ್" ಅಂತ ಸೇರಿಸಬೇಡಿ. ರೋಗಿಯ ಮಗ ಅದನ್ನು ಫೋನಿನಲ್ಲಿ ಹುಡುಕಿ ಓದುತ್ತಾನೆ, ನಮ್ಮ ಟ್ರೀಟ್‌ಮೆಂಟ್ ಒಂದಕ್ಷರವೂ ಬದಲಾಗುವುದಿಲ್ಲ.

ಆಯುಸ್ಸು ಹೇಳುವ ಮಾರ್ಕರ್ ಬೇರೆ, ಯಾವ ಔಷಧಿ ಕೆಲಸ ಮಾಡ್ತದೆ ಅಂತ ಹೇಳುವುದು ಬೇರೆ. ನಮಗೆ ತುರ್ತಾಗಿ ಬೇಕಾದದ್ದು ಎರಡನೆಯದು. ಬಿಆರ್‌ಸಿಎ ಜೀನ್ ಪರೀಕ್ಷೆ ಮೊದಲು. ಮ್ಯುಟೇಷನ್ ಇದ್ದವರಿಗೆ ಮೊದಲ ಕೀಮೋ ನಂತರ ಓಲಾಪರಿಬ್ ಮೇಂಟೆನೆನ್ಸ್ ಕೊಟ್ಟ 2018ರ ಸೋಲೋ-1 ಟ್ರಯಲ್‌ನಲ್ಲಿ ರೋಗ ಮುಂದುವರಿಯುವ ಅಥವಾ ಸಾವಿನ ಅಪಾಯ 70% ಇಳಿಯಿತು. ಇದಕ್ಕೆ ಇಮ್ಯುನೋ ಬದಲಿ ಇಲ್ಲ, ಜೀನ್ ಪರೀಕ್ಷೆಯೇ ಆಗಬೇಕು. ಎಂಡೊಮೆಟ್ರಿಯಾಯ್ಡ್, ಕ್ಲಿಯರ್ ಸೆಲ್ ಆದರೆ ಎಂಎಂಆರ್ (ಡಿಎನ್‌ಎ ದುರಸ್ತಿಯ) ನಾಲ್ಕೂ ಪ್ರೋಟೀನ್ ಹಾಕಿ, ಲಿಂಚ್ (ವಂಶಪಾರಂಪರ್ಯ ಕ್ಯಾನ್ಸರ್) ಕುಟುಂಬ ಸಿಗಬಹುದು. ಪ್ಲಾಟಿನಮ್ ಕೀಮೋ ಕೆಲಸ ಮಾಡದವರಲ್ಲಿ ಫೋಲೇಟ್ ರಿಸೆಪ್ಟರ್ ಆಲ್ಫಾ ಕೇಳುವುದು ಮಿರ್ವೆಟಕ್ಸಿಮ್ಯಾಬ್ ಔಷಧಿಗಾಗಿ. ಅದಕ್ಕೆ ಕಟ್-ಆಫ್ ಖಚಿತವಾಗಿ ಉಂಟು, 75% ಅಥವಾ ಹೆಚ್ಚು ಟ್ಯೂಮರ್ ಕೋಶಗಳ ಮೆಂಬ್ರೇನ್‌ನಲ್ಲಿ 2+ ಅಥವಾ 3+. ಔಷಧಿ ಜೊತೆ ಮಂಜೂರಾದ ಕ್ಲೋನ್‌ಗೆ ಹಾಕಿದ ಗಡಿ ಅದು, ಬೇರೆ ಆಂಟಿಬಾಡಿ ತಂದು ಅದೇ 75 ಬಳಸಬೇಡಿ.

---

ಕಂದು_ಬಣ್ಣ

ಮೈಕ್ರೋಅರೇ 39 ಕೇಸಿಗೆ ಲಾಭ ಇಲ್ಲ. ಕೈಯಲ್ಲಿ ಪಂಚ್ ಮಾಡುವುದಾದರೆ ಕೇಸಿಗೆ 1 ಮಿ.ಮೀ.ಯ ಮೂರು ಕೋರ್ ಬೇಕು, ಕೆಲವು ಕೋರ್ ಕಡಿಯುವಾಗ ಬಿದ್ದುಹೋಗ್ತವೆ, ಕೆಲವದರಲ್ಲಿ ಬರೀ ಸ್ಟ್ರೋಮಾ ಬರ್ತದೆ. ಪಿ53 ನಲ್ ಓದಲಿಕ್ಕೆ ಬೇಕಾದ ಒಳಗಿನ ಕಂಟ್ರೋಲ್ ಕೂಡ ಒಂದು ಕೋರ್‌ನಲ್ಲಿ ಸಿಗದೆ ಹೋಗಬಹುದು. ಪೂರ್ತಿ ಸೆಕ್ಷನ್ನೇ ಮಾಡಿ. ಖರ್ಚು ಉಳಿಸಬೇಕಾದರೆ ಪಾಪ್ ಪೆನ್‌ನಿಂದ ಟಿಶ್ಯೂ ಸುತ್ತ ಗೆರೆ ಎಳೆದು ಸ್ಲೈಡಿಗೆ 100 ಮೈಕ್ರೋಲೀಟರ್ ಆಂಟಿಬಾಡಿಯಲ್ಲಿ ಮುಗಿಸಿ. ಅದಕ್ಕಿಂತ ಕಡಿಮೆ ಹಾಕಿದರೆ ಅಂಚು ಒಣಗಿ ಸುತ್ತ ಕಂದು ಬಳೆ ಬರ್ತದೆ. ಹ್ಯೂಮಿಡ್ ಚೇಂಬರ್ ತಳಕ್ಕೆ ಒದ್ದೆ ಟಿಶ್ಯೂ ಪೇಪರ್ ಹಾಕುವುದು ಮಳೆಗಾಲದಲ್ಲೂ ಬಿಡಬೇಡಿ, ಎಸಿ ರೂಮಿನಲ್ಲಿ ಗಾಳಿ ಒಣವೇ ಇರ್ತದೆ.